ಮುಂಬಯಿಯಿಂದ ಲಂಡನ್ನಿಗೆ ಎಷ್ಟು ದೂರ?

ಮುಂಬಯಿಗೂ ಲಂಡನ್ನಿಗೂ ನಡುವೆ ಆಕಾಶಮಾರ್ಗದಲ್ಲಿ ಸುಮಾರು 7,200 ಕಿಲೋಮೀಟರುಗಳ ಅಂತರ. ಈ ಅಂಕಿ ಬದಲಾಗಿಲ್ಲ; ಬದಲಾದುದು ಅದನ್ನು ದಾಟಲು ಬೇಕಾದ ಕಾಲ. ಆ ಕಾಲಕ್ಕೆ ಮನುಷ್ಯ ತೆತ್ತ ಬೆಲೆಯನ್ನು ಗಾಂಧೀಜಿಯವರ ಜೀವನದ ಒಂದು ಪ್ರಸಂಗದಲ್ಲಿ ಕಾಣಬಹುದು.

1891ರ ಜೂನ್ 12ರಂದು ಬ್ಯಾರಿಸ್ಟರ್ ಗಾಂಧಿಯವರು ಲಂಡನ್ನಿನಿಂದ ಹೊರಟರು. 1869ರಲ್ಲಿಯೇ ಸೂಯೆಜ್ ಕಾಲುವೆ ತೆರೆದುದರಿಂದ ಆಫ್ರಿಕವನ್ನು ಬಳಸಿ ಬರುವ ತಿಂಗಳುಗಟ್ಟಲೆಯ ಪಯಣ ತಪ್ಪಿತ್ತು. ಆದರೂ ಮುಂಬಯಿ ಸೇರಿದುದು ಜುಲೈ 5ಕ್ಕೆ. ತಾಯಿ ಪುತಲೀಬಾಯಿ ತೀರಿಕೊಂಡ ಸುದ್ದಿ ಅವರಿಗೆ ತಿಳಿದುದು ತಾಯ್ನಾಡಿನಲ್ಲಿ ಇಳಿದ ಮೇಲೆಯೇ. ಸಮುದ್ರದಡಿಯ ತಂತಿ 1870ರಿಂದಲೇ ಎರಡು ನಗರಗಳನ್ನು ಜೋಡಿಸಿತ್ತು. ಸುದ್ದಿ ಬೇಗ ಹೋಗಬಲ್ಲುದು, ಮಗ ಬೇಗ ಬರಲಾರ. ಪರದೇಶದಲ್ಲಿ ಆ ಆಘಾತ ಬೇಡವೆಂದು ಅಣ್ಣ ಮುಚ್ಚಿಟ್ಟಿದ್ದರು.

1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ಸಂಚಾರ ತೊಡಗಿತು. ಏಳು ದಿನದ ಹಾದಿ. ನಡುವೆ ರೈಲನ್ನೂ ಏರಬೇಕು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಹೊರಟು, ಕೈರೋ ಮತ್ತು ಜಿನೀವಾಗಳಲ್ಲಿ ತಂಗಿ ಲಂಡನ್ನನ್ನು ಮುಟ್ಟಿತು. ಇಂದು ನೇರ ವಿಮಾನಕ್ಕೆ ಸುಮಾರು ಹತ್ತು ಗಂಟೆ ಸಾಕು.

ಹೀಗಿರುವಾಗ ಹಾಸಿಗೆ ಹಿಡಿದ ತಾಯಿಯ ಬಳಿಗೆ ಮಗ ಬಾರದಿದ್ದರೆ ಕಡಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಹಣವೋ, ರಜೆಯೋ, ಕೆಲವೊಮ್ಮೆ ಮನಸ್ಸೋ ಅಡ್ಡ ನಿಂತಿರುತ್ತದೆ. ಕಿಲೋಮೀಟರುಗಳ ಲೆಕ್ಕ ಅಲ್ಲಿಗೆ ಮುಗಿಯುತ್ತದೆ.