ಮೋಟಾರ್‌ಸೈಕಲ್ಲಿನ ಕೂಲಂಟ್: ಒಂದು ಸಮೀಕ್ಷೆ

ದೂರದ ಪಯಣಕ್ಕೆ ಹೊರಡುವ ಸವಾರನು ಟೈರು, ಬ್ರೇಕು, ಚೈನು, ಎಂಜಿನ್ ಆಯಿಲ್ ಇವೆಲ್ಲವನ್ನೂ ಶ್ರದ್ಧೆಯಿಂದ ಪರೀಕ್ಷಿಸುವನಾದರೂ, ರೇಡಿಯೇಟರಿನೊಳಗೆ ಕಣ್ಣಿಗೆ ಬೀಳದೆ ಸುತ್ತುತ್ತಿರುವ ಕೂಲಂಟಿನ ವಿಷಯದಲ್ಲಿ ಮಾತ್ರ ಅದರ ಬಣ್ಣವೊಂದನ್ನು ನೋಡಿ ತೃಪ್ತನಾಗುವುದು ಸಾಮಾನ್ಯ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂಬ ಈ ಸುಲಭಸೂತ್ರವು ನೆಚ್ಚತಕ್ಕದ್ದಲ್ಲವೆಂಬುದು ಆ ದ್ರವವು ಬೆಳೆದುಬಂದ ಬಗೆಯನ್ನು ನೋಡಿದರೆ ಮನದಟ್ಟಾಗುತ್ತದೆ. ಶಾಖವನ್ನು ಹೊತ್ತೊಯ್ಯುವ ಕಾರ್ಯವು ಅಂದಿಗೂ ಇಂದಿಗೂ ನೀರಿನದೇ. ಕೂಲಂಟಿನಲ್ಲಿ ಬೆರೆತಿರುವ ಮಿಕ್ಕ ವಸ್ತುಗಳೆಲ್ಲ ನೀರಿನ ಅವಗುಣಗಳಿಂದ ಎಂಜಿನನ್ನು ಕಾಪಾಡಲು ಒಂದೊಂದಾಗಿ ಬಂದು ಸೇರಿದವು.

ನೀರಿನಿಂದ ತಂಪುಗೊಳ್ಳುವ ಮೋಟಾರ್‌ಸೈಕಲ್ಲು ಈಚಿನದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆಯಷ್ಟೆ. ಆದರೆ ಮಾರಾಟಕ್ಕೆಂದು ತಯಾರಾದ ಮೊಟ್ಟಮೊದಲ ಮೋಟಾರ್‌ಸೈಕಲ್ಲೆಂದು ಹೆಸರಾದ, 1894ರಲ್ಲಿ ಮ್ಯೂನಿಕ್ ನಗರದಿಂದ ಹೊರಬಂದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ವಾಹನವೇ ನೀರಿನದಾಗಿದ್ದಿತು. ಅದರ ಹಿಂಚಕ್ರದ ಮಡ್‌ಗಾರ್ಡೇ ನೀರಿನ ತೊಟ್ಟಿಯೂ ಆಗಿದ್ದಿತು. 1908ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಆಲ್ಫ್ರೆಡ್ ಆಂಗಸ್ ಸ್ಕಾಟನು ತನ್ನ ಟೂ-ಸ್ಟ್ರೋಕ್ ಯಂತ್ರದಲ್ಲಿ, ಕಾದ ನೀರು ಹಗುರಾಗಿ ಮೇಲೇರುವುದು, ತಣಿದ ನೀರು ಭಾರವಾಗಿ ಕೆಳಗಿಳಿಯುವುದು ಎಂಬ ಪ್ರಕೃತಿನಿಯಮವನ್ನೇ ನೆಚ್ಚಿ, ಪಂಪಿನ ಹಂಗಿಲ್ಲದೆ ನೀರನ್ನು ಸುತ್ತಿಸಿದನು. ತರುವಾಯ ಬಹುಕಾಲ ಗಾಳಿಯ ತಂಪಿನದೇ ರಾಜ್ಯವಾಯಿತು. 1971ರಲ್ಲಿ ಸುಜುಕಿಯ ಜಿಟಿ 750 ಬಂದಾಗ ಅಮೆರಿಕದ ಸವಾರರು ಅದನ್ನು ನೀರೆಮ್ಮೆಯೆಂದೂ, ಬ್ರಿಟನ್ನಿನವರು ಕೆಟಲ್ ಎಂದೂ ಕರೆದರು. ದೂರಸಂಚಾರಕ್ಕೆಂದೇ ಮೀಸಲಾದ ವಾಹನಕ್ಕೆ ನೀರಿನ ತಂಪು ಒದಗಿ ಬೇರೂರಿದ್ದು 1974ರಲ್ಲಿ ಕಲೋನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಹೋಂಡಾ ಗೋಲ್ಡ್ ವಿಂಗಿನಿಂದ. ಗಾಳಿ ಮತ್ತು ಎಣ್ಣೆಯ ತಂಪನ್ನೇ ನಚ್ಚಿಕೊಂಡಿದ್ದ ಬಿಎಂಡಬ್ಲ್ಯು ಬಾಕ್ಸರ್ ಎಂಜಿನ್ನೂ 2013ರ ಆರ್ 1200 ಜಿಎಸ್‌ನಲ್ಲಿ ನೀರಿಗೆ ತಲೆಬಾಗಿತು. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಅದರ ಹಿಂದೆ ಬಂದ ಯೆಜ್ಡಿ, ಇವಕ್ಕೆ ಗಾಳಿಯೇ ಸಾಕಾಗಿದ್ದಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಎಂಜಿನಿನ ಮುಂದೆ ರೇಡಿಯೇಟರ್ ಇದ್ದಿತು. 2023ರ ಹಿಮಾಲಯನ್ 450 ರಾಯಲ್ ಎನ್‌ಫೀಲ್ಡಿನ ಮೊದಲ ದ್ರವಶೀತಲ ಎಂಜಿನನ್ನು ತಂದಿತು.

ಇನ್ನು ದ್ರವದ ಕಥೆ. ಬರಿಯ ನೀರು ಚಳಿನಾಡಿನ ರಾತ್ರಿಯಲ್ಲಿ ಹೆಪ್ಪುಗಟ್ಟಿ ಹಿಗ್ಗುವುದರಿಂದ ಸಿಲಿಂಡರೇ ಸೀಳಿಹೋಗುತ್ತಿದ್ದಿತು. ಮದ್ಯಸಾರವನ್ನು ಬೆರೆಸಿದರೆ ಅದು ಬಿಸಿಗೆ ಆವಿಯಾಗಿ ಹೋಗುತ್ತಿದ್ದಿತು. ಫ್ರೆಂಚ್ ರಸಾಯನಶಾಸ್ತ್ರಜ್ಞ ವುರ್ಟ್ಸನು ಹತ್ತೊಂಬತ್ತನೆಯ ಶತಮಾನದ ನಡುವೆಯೇ ಸಿದ್ಧಪಡಿಸಿದ್ದ ಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ, ಮಂದವಾದ ದ್ರವವು 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಿಂದ ಅಮೆರಿಕದ ಪೇಟೆಗೆ ಬಂದಮೇಲೆ ಈ ಕಷ್ಟ ಬಗೆಹರಿಯಿತು. ಆದರೆ ಒಳ್ಳೆಯದು ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭ್ರಾಂತಿ ಇಲ್ಲಿಯೂ ಕಾಡಿತು. ರೋಲ್ಸ್-ರಾಯ್ಸ್ ಮರ್ಲಿನ್ ವಿಮಾನ ಎಂಜಿನಿಗೆ ಮೊದಮೊದಲು ಅಪ್ಪಟ ಗ್ಲೈಕಾಲನ್ನೇ ತುಂಬಿದರು. ಅನಂತರ ಎಪ್ಪತ್ತು ಪಾಲು ನೀರಿಗೆ ಮೂವತ್ತು ಪಾಲು ಗ್ಲೈಕಾಲ್ ಎಂಬ ಮಿಶ್ರಣಕ್ಕೆ ಮರಳಬೇಕಾಯಿತು. ತೂಕಕ್ಕೆ ತೂಕ ಹಿಡಿದರೆ ಗ್ಲೈಕಾಲ್ ಹೊರುವ ಶಾಖವು ನೀರು ಹೊರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅದಕ್ಕಿಂತಲೂ ಸೋಜಿಗವೆಂದರೆ, ಅಪ್ಪಟ ಗ್ಲೈಕಾಲ್ -13 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟಿದರೆ, ಸಮಪಾಲು ನೀರು ಬೆರೆತದ್ದು ಸುಮಾರು -37 ಡಿಗ್ರಿಯವರೆಗೆ ತಾಳುತ್ತದೆ. ಆದಕಾರಣ ಕಾನ್ಸಂಟ್ರೇಟ್ ಡಬ್ಬಿಯನ್ನು ನೀರು ಬೆರೆಸದೆ ಸುರಿಯುವವನು ಹೆಚ್ಚು ಹಣವನ್ನು ತೆತ್ತು ಕಡಿಮೆ ರಕ್ಷಣೆಯನ್ನು ಕೊಳ್ಳುತ್ತಾನೆ.

ಆದರೂ ನಮ್ಮ ಸೀಮೆಯ ಸವಾರನಿಗೆ ಹಿಮಕ್ಕಿಂತ ಹತ್ತಿರದ ಶತ್ರುವೆಂದರೆ ತುಕ್ಕು. ಈ ಕ್ಷೇತ್ರದ ನಿಜವಾದ ಬೆಳವಣಿಗೆಯೂ ಅಲ್ಲಿಯೇ ನಡೆದಿದೆ. ಹಳೆಯ ಹಸಿರು ಕೂಲಂಟುಗಳಲ್ಲಿ ಸಿಲಿಕೇಟ್, ಫಾಸ್ಫೇಟ್, ಬೋರೇಟ್ ಮೊದಲಾದ ಲವಣಗಳಿದ್ದು, ಅವು ಲೋಹದ ಮೈಮೇಲೆ ತೆಳುವಾದ ಪೊರೆಯನ್ನು ಹಾಸುತ್ತಿದ್ದುವು. ಅವು ಬೇಗ ಕೆಲಸಮಾಡಿ ಬೇಗ ತೀರಿಹೋಗುವುದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕಾಗುತ್ತಿದ್ದಿತು. ಸಿಲಿಕೇಟು ಅಲ್ಯುಮಿನಿಯಂಗೆ ಒಳ್ಳೆಯ ಕಾವಲುಗಾರನಾದರೂ ವಾಟರ್ ಪಂಪಿನ ಸೀಲನ್ನು ಸವೆಸುತ್ತದೆಂಬ ಕಾರಣದಿಂದ ಜಪಾನಿನವರು ಅದನ್ನು ದೂರವಿಟ್ಟು ಫಾಸ್ಫೇಟನ್ನು ಹಿಡಿದರು; ಗಡಸು ನೀರಿನೊಡನೆ ಫಾಸ್ಫೇಟ್ ಸೇರಿದರೆ ಸುಣ್ಣದ ಹಕ್ಕಳೆ ಕಟ್ಟುತ್ತದೆಂಬ ಕಾರಣದಿಂದ ಯೂರೋಪಿನವರು ಫಾಸ್ಫೇಟನ್ನು ಬಿಟ್ಟು ಸಿಲಿಕೇಟನ್ನು ಉಳಿಸಿಕೊಂಡರು. ಹೀಗೆ ಒಂದೇ ಕೆಲಸಕ್ಕೆ ಎರಡು ಪಂಥಗಳಾದುವು, ಎರಡಕ್ಕೂ ತಕ್ಕ ಕಾರಣವಿದ್ದಿತು. ತೊಂಬತ್ತರ ದಶಕದಲ್ಲಿ ಸಾವಯವ ಆಮ್ಲಗಳನ್ನಾಧರಿಸಿದ ಕೂಲಂಟುಗಳು ಬಳಕೆಗೆ ಬಂದುವು. ಇವು ಲೋಹವನ್ನೆಲ್ಲ ಹೊದೆಯಿಸದೆ ತುಕ್ಕು ಹಿಡಿಯತೊಡಗಿದ ಎಡೆಯಲ್ಲಿ ಮಾತ್ರ ವ್ಯಯವಾಗುವುದರಿಂದ ಐದು ವರ್ಷದವರೆಗೂ ಬಾಳುತ್ತವೆ. ಈ ಎರಡು ಬಗೆಗಳನ್ನು ಕೂಡಿಸಿದ ಮಿಶ್ರಜಾತಿಯೂ ಈಗ ಉಂಟು. ಹಸಿರು, ನೀಲಿ, ಕೆಂಪು ಎಂಬುವೆಲ್ಲ ತಯಾರಕನು ತನ್ನಿಷ್ಟದಂತೆ ಹಾಕಿದ ಬಣ್ಣಗಳೇ ಹೊರತು ಒಳಗಿನ ಗುಣಕ್ಕೆ ಪ್ರಮಾಣಗಳಲ್ಲ.

ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಒಂದು ಬೆಳಗ್ಗೆ, ಘಾಟಿಯಲ್ಲಿ ಪದೇಪದೇ ಹೀಟ್ ಆಗುತ್ತಿದ್ದ ಬೈಕಿನ ಡ್ರೈನ್ ಬೋಲ್ಟನ್ನು ಬಿಚ್ಚಿದಾಗ, ಹಸಿರಾಗಿರಬೇಕಾಗಿದ್ದ ದ್ರವವು ರಾಗಿ ಗಂಜಿಯ ಬಣ್ಣಕ್ಕೆ ತಿರುಗಿ ತಟ್ಟೆಗಿಳಿಯಿತು. ಕಳಚಿದ ಹೋಸಿನ ಬಾಯಿಯೊಳಗೆ ಬೆರಳಾಡಿಸಿದ ಅವರು, ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿಯ ಹಕ್ಕಳೆಯನ್ನು ಉಗುರಿನಿಂದ ಕೆರೆದು ತೋರಿಸಿ, "ಬೋರ್ ನೀರು ಸಾರ್" ಎಂದರು. ಕೂಲಂಟ್ ಇಳಿದಾಗಲೆಲ್ಲ ಮಾಲೀಕನು ಮನೆಯ ನಲ್ಲಿಯ ನೀರನ್ನೇ ಟಾಪ್-ಅಪ್ ಮಾಡಿಕೊಂಡು ಬಂದಿದ್ದನು. ಬೆಂಗಳೂರಿನ ಕೊಳವೆಬಾವಿಗಳನ್ನು ನೆಚ್ಚಿದ ಬಡಾವಣೆಗಳಲ್ಲಿ ಇರುವವರು ಇದನ್ನು ವಿಶೇಷವಾಗಿ ನೆನೆಯತಕ್ಕದ್ದು. ಸಂದೇಹವಿದ್ದವರು ನೀರು ಬೆರೆಸಿಯೇ ಬರುವ ಪ್ರೀಮಿಕ್ಸ್ ಡಬ್ಬಿಯನ್ನು ಕೊಳ್ಳುವುದು ಲೇಸು. ಕಾನ್ಸಂಟ್ರೇಟ್ ಕೊಂಡರೆ ಡಿಸ್ಟಿಲ್ಡ್ ವಾಟರ್ ಹೊರತು ಬೇರೆ ನೀರು ಕೂಡದು.

ಹಾಗಾದರೆ ಆರಿಸುವ ಬಗೆ ಹೇಗೆ? ವಾಹನದ ಜೊತೆಗೆ ಬಂದ ಕೈಪಿಡಿಯ ಮಾತೇ ಮೊದಲನೆಯದು, ಯಾಕೆಂದರೆ ಎಂಜಿನಿನ ಲೋಹವನ್ನೂ ಸೀಲಿನ ದ್ರವ್ಯವನ್ನೂ ಬಲ್ಲವನು ತಯಾರಕನೇ. ಸಿಲಿಕೇಟ್ ಇಲ್ಲದ್ದನ್ನು ಬಳಸಿರೆಂದು ಕೈಪಿಡಿ ಹೇಳಿದ್ದರೆ, ಟ್ರಕ್ಕಿಗೆಂದು ತಯಾರಾದ ಅಗ್ಗದ ಡಬ್ಬಿಯನ್ನು ಮುಟ್ಟಬಾರದು. ಲಡಾಖಿಗೆ ಹೋಗುವವರಿಗೆ ಸಮಪಾಲಿನ ಮಿಶ್ರಣವೇ ತಕ್ಕದ್ದು: 5,359 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 82 ಡಿಗ್ರಿಗೇ ಕುದಿಯುವುದರಿಂದ, ಅಲ್ಲಿ ಎಂಜಿನನ್ನು ಕಾಯುವುದು ಗ್ಲೈಕಾಲ್ ಒಂದೇ ಅಲ್ಲ, ಒತ್ತಡವನ್ನು ಹಿಡಿದಿಡುವ ರೇಡಿಯೇಟರ್ ಕ್ಯಾಪೂ ಹೌದು. ಆ ಕ್ಯಾಪಿನ ರಬ್ಬರ್ ಬಿರಿದಿದ್ದರೆ ಎಂಥ ಬೆಲೆಬಾಳುವ ಕೂಲಂಟೂ ಕುದಿದು ಉಕ್ಕುತ್ತದೆ. ನೀರೇ ಇಲ್ಲದ ಕೂಲಂಟುಗಳೂ ಪೇಟೆಯಲ್ಲಿವೆ. ಅವು ಕುದಿಯುವುದು ಬಹಳ ಮೇಲಿನ ಉಷ್ಣತೆಯಲ್ಲಿಯಾದರೂ ಶಾಖವನ್ನು ಹೊರುವುದರಲ್ಲಿ ಹಿಂದೆ, ಮೇಲಾಗಿ ದಾರಿಯಲ್ಲಿ ಸೋರಿದರೆ ನಡುವಿನ ಊರಿನಲ್ಲಿ ದೊರೆಯುವುದು ದುರ್ಲಭ. ಪ್ರವಾಸಿಗೆ ನಾನು ಅವನ್ನು ಹೇಳಲಾರೆ.

ಎರಡು ಬಗೆಯ ಕೂಲಂಟುಗಳನ್ನು ಬೆರೆಸಬೇಡಿರಿ. ಬದಲಿಸಿದ ದಿನಾಂಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿರಿ. ಬಿಸಿಯಾಗಿರುವಾಗ ಕ್ಯಾಪನ್ನು ತೆರೆಯಬೇಡಿರಿ. ಇಳಿಸಿದ ಹಳೆಯ ದ್ರವವನ್ನು ಮೋರಿಗೂ ಅಂಗಳಕ್ಕೂ ಚೆಲ್ಲದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಸರ್ವಿಸ್ ಸೆಂಟರಿಗೆ ಒಪ್ಪಿಸಿರಿ. ಅದರ ಸಿಹಿಗೆ ಮನಸೋತು ನೆಕ್ಕಿದ ಬೀದಿಯ ನಾಯಿ ಮೂತ್ರಪಿಂಡ ಕೆಟ್ಟು ಸಾಯುತ್ತದೆ.