ಮುದ್ರೆಯನ್ನು ನಂಬಬಹುದೆ?

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಹಿರಿಯರ ಗಾದೆ. ಈ ಎಚ್ಚರ ಅವರಿಗೆ ಸುಮ್ಮನೆ ಬಂದುದಲ್ಲ. ಭೂಮಿಯ ಆಸೆಯಿಂದ ಹಳೆಯ ಅರಸರ ಹೆಸರಿನಲ್ಲಿ ತಾಮ್ರಪಟಗಳನ್ನು ಕೊರೆಯಿಸಿ, ರಾಜಮುದ್ರೆಯನ್ನೂ ಜೋಡಿಸಿದವರು ನಮ್ಮ ನಾಡಿನಲ್ಲಿ ಕಡಮೆಯಿರಲಿಲ್ಲ. ಇಂಥವನ್ನು ಕೂಟಶಾಸನಗಳೆನ್ನುತ್ತಾರೆ. ಶಿವಮೊಗ್ಗ ಸೀಮೆಯಲ್ಲಿ ದೊರೆತ ಕೆಲವು ಪಟಗಳು ತಾವು ಪಾಂಡವವಂಶದ ಜನಮೇಜಯನ ದಾನಪತ್ರಗಳೆಂದು ಹೇಳಿಕೊಳ್ಳುತ್ತವೆ; ಲಿಪಿಯೋ ನಂದಿನಾಗರಿ! ಜನಮೇಜಯನೆಲ್ಲಿ, ಆ ಲಿಪಿಯೆಲ್ಲಿ? ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಮುದ್ರೆಗೆ ಮರುಳಾಗದೆ ಲಿಪಿ, ತಿಥಿ, ವಂಶಾವಳಿಗಳನ್ನು ಒಂದಕ್ಕೊಂದು ತಾಳೆ ನೋಡಿ ಹುಸಿಯನ್ನು ಗುರುತಿಸುವ ದಾರಿ ತೋರಿದರು.

ಇದೇ ಕಥೆ ನಮ್ಮ ಕಾಲದ ಅಂತರಜಾಲದಲ್ಲಿ ಮರುಕಳಿಸಿದೆ. ಜಾಲತಾಣದ ವಿಳಾಸದ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರವೊಂದನ್ನು ನಾವೆಲ್ಲ ಕಂಡವರೇ. 1990ರ ದಶಕದ ನಡುವೆ ನೆಟ್‌ಸ್ಕೇಪ್ ಸಂಸ್ಥೆ ಬಳಕೆಗೆ ತಂದ ಗುಪ್ತಲಿಪಿಯ ಏರ್ಪಾಡಿನಿಂದ ಬೆಳೆದುಬಂದ ಗುರುತು ಅದು. ಅದರ ಅರ್ಥವಿಷ್ಟೆ: ನೀವು ಬರೆದುದನ್ನು ನಡುದಾರಿಯಲ್ಲಿ ಬೇರೆಯವರು ಓದಲಾರರು; ಆ ವಿಳಾಸಕ್ಕೇ ಅದು ಮುಟ್ಟುತ್ತದೆ. ವಿಳಾಸದ ಒಡೆಯ ಸಜ್ಜನನೋ ವಂಚಕನೋ ಎಂಬುದನ್ನು ಬೀಗ ಹೇಳದು.

ಆ ವಿಳಾಸ ಇಂಥವರದೇ ಎಂದು ಮುದ್ರೆಯೊತ್ತಿಕೊಡುವ ಸಂಸ್ಥೆಗಳುಂಟು. ಅಂತಹುದೊಂದು ನೆದರ್ಲೆಂಡ್ಸಿನ ಡಿಜಿನೋಟಾರ್. 2011ರಲ್ಲಿ ಅದರ ಗಣಕಯಂತ್ರಗಳೊಳಕ್ಕೆ ನುಗ್ಗಿದ ಕಳ್ಳರು 500ಕ್ಕೂ ಹೆಚ್ಚು ಹುಸಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದರು; ಗೂಗಲ್ ಹೆಸರಿನದೂ ಅವುಗಳಲ್ಲಿತ್ತು. ಅದನ್ನು ಮುಂದಿಟ್ಟುಕೊಂಡು ಇರಾನಿನ ಜನರ ಜಿಮೇಲ್ ಪತ್ರಗಳನ್ನು ಕದ್ದು ನೋಡುವ ಹಂಚಿಕೆ ನಡೆಯಿತು. ಈ ಮೋಸ ಬಯಲಾದುದಾದರೂ ಹೇಗೆ? ಗೂಗಲ್ಲಿನ ಕ್ರೋಮ್, ತನ್ನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದ ಪಟ್ಟಿಯೊಡನೆ ಆ ಪತ್ರವನ್ನು ತಾಳೆ ನೋಡಿ ಎಚ್ಚರಿಸಿತು. ಇರಾನಿನ ಬಳಕೆದಾರನೊಬ್ಬ ಅದನ್ನು ಹೊರಗೆಡಹಿದ. ಸೆಪ್ಟೆಂಬರಿನಲ್ಲಿ ಡಿಜಿನೋಟಾರ್ ದಿವಾಳಿಯೆದ್ದಿತು. ಇಲ್ಲಿಯೂ ಸತ್ಯವನ್ನು ತಿಳಿಸಿದುದು ಮುದ್ರೆಯಲ್ಲ, ತಾಳೆ.

ಮುಂದೆ ಬೀಗ ವಂಚಕರ ತಾಣಗಳಿಗೂ ಸುಲಭವಾಗಿ ದೊರೆಯತೊಡಗಿತು. ಅದನ್ನು ಯೋಗ್ಯತೆಯ ಗುರುತೆಂದು ಜನ ತಪ್ಪು ತಿಳಿಯುವುದನ್ನು ಕಂಡು 2023ರಲ್ಲಿ ಕ್ರೋಮ್ ಆ ಚಿತ್ರವನ್ನೇ ಬದಲಿಸಿತು.

ಕೂಟಶಾಸನದಿಂದ ಒಂದು ಮನೆತನದ ಹೊಲ ಕೈಬಿಡುತ್ತಿತ್ತು; ಬ್ಯಾಂಕಿನ ಹೆಸರು ಹೊತ್ತ ಹುಸಿ ಪುಟದಿಂದ ಬದುಕಿನ ಉಳಿತಾಯವೆಲ್ಲ ಕ್ಷಣಮಾತ್ರದಲ್ಲಿ ಹೋದೀತು. ಆದುದರಿಂದ ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವ ಮೊದಲು, ಆ ವಿಳಾಸವನ್ನು ಬ್ಯಾಂಕಿನವರೇ ಅಚ್ಚುಹಾಕಿಸಿ ಕೊಟ್ಟ ಕಾಗದದೊಡನೆ ಅಕ್ಷರಕ್ಕಕ್ಷರ ಹೋಲಿಸಬೇಕು. ಸುದ್ದಿಯಾದರೆ ಹೇಳಿದವರಾರು, ಎಂದು ಹೇಳಿದರು, ಅದರಿಂದ ಲಾಭ ಯಾರಿಗೆ, ಬೇರೆಡೆಯಲ್ಲಿ ಅದಕ್ಕೆ ಆಧಾರವಿದೆಯೆ ಎಂದು ಕೇಳಬೇಕು. ಶಾಸನ ಓದುವವರು ತಾಮ್ರಪಟಕ್ಕೆ ಕೇಳುತ್ತ ಬಂದಿರುವ ಪ್ರಶ್ನೆಗಳೂ ಇವೇ.