ಕಾಶಿಯಲ್ಲಿ ಇಂಗ್ಲಿಷ್ ಮೇಷ್ಟರ ತಯಾರಿ: ಇನ್ನೂರು ವರ್ಷಗಳ ಒಂದು ನೋಟ

ವಾರಾಣಸಿಯಲ್ಲಿ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರಾಗಬೇಕೆನ್ನುವವರು ಇಂದು ಮೂರು ಬಾಗಿಲು ದಾಟಬೇಕು: ಇಂಗ್ಲಿಷ್ ಸಾಹಿತ್ಯ ಓದಿದ ಬಿ.ಎ., ಆಮೇಲೆ ಬಿ.ಎಡ್., ಕೊನೆಗೆ ನೇಮಕಾತಿಯ ಸ್ಪರ್ಧಾ ಪರೀಕ್ಷೆ. ಇವು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಯಾರು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು. ಹೊಸ ಉತ್ತರ ಬಂದಾಗ ಹಳೆಯದು ಜಾಗ ಬಿಡಲಿಲ್ಲ. ಅದರ ಮೇಲೇ ಇದು ಕೂತಿತು. ಕಾಶಿಯ ಕತೆ ಇರುವುದು ಈ ಪೇರಿಕೆಯಲ್ಲಿ.

ಮೊದಲ ಉತ್ತರ ಸರಳವಾಗಿತ್ತು: ಇಂಗ್ಲಿಷ್ ಬಲ್ಲವನೇ ಮೇಷ್ಟ್ರು. ಜಯನಾರಾಯಣ ಘೋಷಾಲ್ 1818ರಲ್ಲಿ ಇಲ್ಲಿ ತೆರೆದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಶುರುವಾದಾಗ ಶಿಕ್ಷಕರಿಗೆ ತರಬೇತಿ ಎಂಬ ಕಲ್ಪನೆಯೇ ಈ ಕಡೆ ಇರಲಿಲ್ಲ. 1791ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಆರಂಭವಾಗಿ ಮುಂದೆ ಕ್ವೀನ್ಸ್ ಕಾಲೇಜ್ ಎಂದು ಹೆಸರಾದ ಸಂಸ್ಥೆಯಲ್ಲಿ ಜೇಮ್ಸ್ ಬ್ಯಾಲಂಟೈನ್ ಪಂಡಿತರಿಗೇ ಇಂಗ್ಲಿಷ್ ಕಲಿಸಲು ಹೊರಟರು. ಅಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ ಬಂದ ರಾಲ್ಫ್ ಗ್ರಿಫಿತ್ 1861ರಿಂದ 1878ರವರೆಗೆ ಪ್ರಾಂಶುಪಾಲರಾಗಿದ್ದರು. ವಾಲ್ಮೀಕಿ ರಾಮಾಯಣವನ್ನೂ ಋಗ್ವೇದವನ್ನೂ ಇಂಗ್ಲಿಷಿಗೆ ತಂದವರು ಅವರೇ. ವಿದ್ವತ್ತಿಗೆ ಕೊರತೆಯಿರಲಿಲ್ಲ. ಆದರೆ ಇಂಗ್ಲಿಷ್ ಕಿವಿಗೇ ಬೀಳದ ಹಳ್ಳಿಯ ಹುಡುಗನಿಗೆ ಅದನ್ನು ಹೇಗೆ ಹೇಳಿಕೊಡಬೇಕೆಂದು ಯಾರೂ ಬೇರೆಯಾಗಿ ಯೋಚಿಸಿರಲಿಲ್ಲ.

1854ರ ವುಡ್‌ ವರದಿ ಶಿಕ್ಷಕರ ತರಬೇತಿಯ ಮಾತೆತ್ತಿತು. 1856ರಲ್ಲಿ ಮದರಾಸಿನಲ್ಲಿ, ಈಗಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿನ ಮೂಲವಾದ ಶಾಲೆ ಶುರುವಾಯಿತು. ಉತ್ತರದಲ್ಲಿ ತರಬೇತಿಗೆ ಕೇಂದ್ರವಾದದ್ದು ಅಲಹಾಬಾದ್. ಕಾಶಿಯ ಪಕ್ಕದ ಲಮಹಿಯಲ್ಲಿ ಹುಟ್ಟಿ, ಕ್ವೀನ್ಸ್ ಕಾಲೇಜಿನ ಶಾಲೆಯಲ್ಲಿ ಓದಿ, ಮೇಷ್ಟರಾಗಿ ಹೊಟ್ಟೆ ಹೊರೆಯುತ್ತಿದ್ದ ಪ್ರೇಮ್‌ಚಂದ್ 1902ರಲ್ಲಿ ತರಬೇತಿಗೆಂದು ಹೋದದ್ದೂ ಅಲ್ಲಿಗೇ.

ಕಾಶಿಯಲ್ಲೇ ತರಬೇತಿ ಕಾಲೇಜು ಇಲ್ಲವೆಂಬ ಕೊರತೆ ತುಂಬಿದ್ದು 1918ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಅಡಿಗಲ್ಲು ಬಿದ್ದಿದ್ದ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಮಚ್ಛಾದಲ್ಲಿ ಟೀಚರ್ಸ್ ಟ್ರೈನಿಂಗ್ ಕಾಲೇಜ್ ತೆರೆಯಿತು. ಇಂದಿನ ಶಿಕ್ಷಣ ನಿಕಾಯ ಬೆಳೆದದ್ದು ಅದರಿಂದಲೇ. ಆನಿ ಬೆಸೆಂಟ್ 1898ರಲ್ಲಿ ಕಟ್ಟಿದ ಸೆಂಟ್ರಲ್ ಹಿಂದೂ ಕಾಲೇಜಿನ ನೆಲೆ ಕಮಚ್ಛಾ. ಅದರ ಶಾಲೆ ಪಕ್ಕದಲ್ಲೇ ಇದ್ದುದರಿಂದ ಅಭ್ಯಾಸಬೋಧನೆಗೆ ಅನುಕೂಲವಾಯಿತು. ಹೀಗೆ ಎರಡನೆಯ ಉತ್ತರ ಬಂತು: ಇಂಗ್ಲಿಷ್ ಬಂದರೆ ಸಾಲದು, ಪಾಠ ಯೋಜನೆ ಬರೆಯಲೂ ತರಗತಿ ನಡೆಸಲೂ ಬರಬೇಕು. ಹಿಂದಿ ಕವಿ ಹರಿವಂಶರಾಯ್ ಬಚ್ಚನ್ 1930ರ ದಶಕದ ಕೊನೆಯಲ್ಲಿ ಇಲ್ಲಿ ಬಿ.ಟಿ. (ಇಂದಿನ ಬಿ.ಎಡ್.ನ ಹಳೆಯ ರೂಪ) ಮಾಡಿ, 1941ರಿಂದ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದರು. ಹಿಂದಿಯಲ್ಲಿ ಬರೆದು ಇಂಗ್ಲಿಷಿನಲ್ಲಿ ಅನ್ನ ಸಂಪಾದಿಸಿದ ಆ ಬದುಕು ಈ ಊರಿನ ಎಷ್ಟೋ ಮೇಷ್ಟರದ್ದೂ ಹೌದು. ಅದೇ ಊರಲ್ಲಿ 1921ರಲ್ಲಿ ಅಸಹಕಾರದ ಬಿಸಿಯಲ್ಲಿ ಹುಟ್ಟಿದ ಕಾಶಿ ವಿದ್ಯಾಪೀಠ ಹಿಂದಿಯಲ್ಲಿ ಉನ್ನತ ಶಿಕ್ಷಣ ಕೊಡಲು ನಿಂತಿತು. ಇಂಗ್ಲಿಷ್ ಬೇಕೋ ಬೇಡವೋ ಎಂಬ ಜಗಳ ತರಬೇತಿಯ ಬೆನ್ನಿಗೇ ಬಂತು.

ಸ್ವಾತಂತ್ರ್ಯದ ನಂತರ ದಕ್ಷಿಣವೂ ಕತೆಯೊಳಗೆ ಬರುತ್ತದೆ. 1956ರಲ್ಲಿ ಅಲಹಾಬಾದಿನಲ್ಲಿ ಇಂಗ್ಲಿಷ್ ಬೋಧನೆಗೆಂದೇ ಒಂದು ಸಂಸ್ಥೆ ಶುರುವಾಯಿತು; 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಬಂತು. ನಮ್ಮ ವಿ. ಕೃ. ಗೋಕಾಕರು ಅದರ ನಿರ್ದೇಶಕರಾಗಿದ್ದರು. 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಭಾಷಾಂತರ ಮಾಡಿ ವ್ಯಾಕರಣ ಉರು ಹೊಡೆಸುವ ಹಳೆಯ ರೂಢಿಯ ಬದಲು ವಾಕ್ಯಗಳ ಮಾದರಿಗಳನ್ನು ಒಂದೊಂದಾಗಿ ಬಾಯಿಗೆ ಹತ್ತಿಸಬೇಕೆಂಬುದು ಆ ಕಾಲದ ನಂಬಿಕೆ. ಒಂದು ಕೌಶಲವನ್ನು ಐದಾರು ನಿಮಿಷದಲ್ಲಿ ಪಳಗಿಸುವ ಸೂಕ್ಷ್ಮಬೋಧನೆಯನ್ನು ಭಾರತದಲ್ಲಿ ಮೊದಲು ಪ್ರಯೋಗಿಸಿದ್ದು 1967ರಲ್ಲಿ ಅಲಹಾಬಾದಿನಲ್ಲೇ. ಇಂದಿಗೂ ಬಿ.ಎಡ್. ವಿದ್ಯಾರ್ಥಿಗಳು ಅದನ್ನು ದಾಟಿಯೇ ಮುಂದೆ ಹೋಗುತ್ತಾರೆ.

ಅದೇ 1967ರಲ್ಲಿ ಕಾಶಿಯ ಬೀದಿಗಳಲ್ಲಿ ‘ಅಂಗ್ರೇಜಿ ಹಟಾವೋ’ ಚಳವಳಿ ಭುಗಿಲೆದ್ದಿತು. ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾಯಕ ದೇಬಬ್ರತ ಮಜುಂದಾರ್ ಅದರ ಮುಂಚೂಣಿಯಲ್ಲಿದ್ದರು. ಅದರ ಹಿಂದೆ ಸಮಾಜವಾದಿ ನಾಯಕ ಲೋಹಿಯಾ ಅವರ ವಿಚಾರವಿತ್ತು. ಕೆಲವರ ಕೈಯ ಭಾಷೆ ಎಲ್ಲರನ್ನೂ ಆಳಬಾರದೆಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಸಿರಿವಂತರ ಮಕ್ಕಳು ಕಾನ್ವೆಂಟಿಗೆ ಹೋಗಿ ಇಂಗ್ಲಿಷ್ ಕಲಿಯುವುದನ್ನು ಚಳವಳಿ ತಡೆಯಲಾಗಲಿಲ್ಲ. ಹಿಂದಿ ಮಾಧ್ಯಮದ ಶಾಲೆಯ ಮಗುವಿಗೆ ಇಂಗ್ಲಿಷ್ ಸಿಗಲು ಉಳಿದ ದಾರಿ ಆ ಶಾಲೆಯ ಮೇಷ್ಟ್ರೊಬ್ಬರೇ. ಹೀಗಾಗಿ ಅವರ ತಯಾರಿ ಮೊದಲಿಗಿಂತ ಹೆಚ್ಚು ಮುಖ್ಯವಾಯಿತು.

ಇಂಗ್ಲಿಷ್ ಬೋಧನೆಯ ವಿಚಾರಗಳು ಮುಂದೆ ಸಾಗುತ್ತಲೇ ಇದ್ದವು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಬೆಂಗಳೂರು, ಮದರಾಸುಗಳ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಗಮನ ಸೆಳೆಯಿತು: ರೈಲು ವೇಳಾಪಟ್ಟಿ ಓದುವ, ನಕ್ಷೆ ನೋಡಿ ದಾರಿ ಹೇಳುವಂಥ ಕೆಲಸ ಕೊಟ್ಟರೆ ಭಾಷೆ ತಾನಾಗಿ ಹಿಡಿಯುತ್ತದೆ ಎಂಬುದು ಅದರ ತಿರುಳು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತನ್ನು ಅಡ್ಡಿಯೆನ್ನದೆ ಆಸರೆಯೆಂದು ಕಂಡಿತು.

ಅಷ್ಟರಲ್ಲಿ ಮೂರನೆಯ ಉತ್ತರ ಬೇರೂರಿತ್ತು: ಪರೀಕ್ಷೆ ಪಾಸಾದವನೇ ಮೇಷ್ಟ್ರು. ಅನುದಾನಿತ ಶಾಲೆಗಳ ನೇಮಕಕ್ಕೆ ಉತ್ತರ ಪ್ರದೇಶ 1982ರಲ್ಲಿ ಕಾಯ್ದೆ ಮಾಡಿ ಆಯ್ಕೆ ಮಂಡಳಿ ರಚಿಸಿತು. ಆಡಳಿತ ಮಂಡಳಿಗಳ ಮರ್ಜಿಗೆ ಕಡಿವಾಣ ಬೇಕಿತ್ತು ನಿಜ. ಅದರಿಂದ ಬೆಳೆದು ಬಂದ ಟಿ.ಜಿ.ಟಿ. (ತರಬೇತಿ ಪಡೆದ ಪದವೀಧರ ಶಿಕ್ಷಕ) ಪರೀಕ್ಷೆಯ ಪತ್ರಿಕೆಯಲ್ಲಿ 125 ಪ್ರಶ್ನೆ, 500 ಅಂಕ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಬೇಕು. ಷೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಕೀಟ್ಸ್ ಅದರಲ್ಲಿ ಇದ್ದಾರೆ; ವ್ಯಾಕರಣ ಇದೆ. ಅಭ್ಯರ್ಥಿ ಬಾಯಿಬಿಟ್ಟು ಒಂದು ವಾಕ್ಯ ಇಂಗ್ಲಿಷ್ ಆಡಬಲ್ಲನೇ ಎಂದು ಆ ಪತ್ರಿಕೆ ಕೇಳಲಾರದು. ಸರ್ಕಾರಿ ಪ್ರೌಢಶಾಲೆಯ ಹುದ್ದೆಗೆ ಇಂದಿಗೂ ‘ಎಲ್.ಟಿ. ಗ್ರೇಡ್’ ಎಂಬ ಬ್ರಿಟಿಷರ ಕಾಲದ ಹೆಸರೇ ಉಳಿದಿದೆ.

ಎರಡನೆಯ ಬಾಗಿಲನ್ನು ಗಟ್ಟಿ ಮಾಡುವ ಪ್ರಯತ್ನವೂ ನಡೆಯಿತು. 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯಬೇಕಾದ ಅವಧಿ ಕನಿಷ್ಠ 20 ವಾರಕ್ಕೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಮಾಳವೀಯರ ಹೆಸರಿನ ರಾಷ್ಟ್ರೀಯ ಶಿಕ್ಷಕ ಮಿಷನ್ ಕಾಶಿಯಲ್ಲಿ ಚಾಲನೆ ಪಡೆಯಿತು. ಅದರಡಿ ಶಿಕ್ಷಕರ ಶಿಕ್ಷಣಕ್ಕೆಂದು ಅಂತರ ವಿಶ್ವವಿದ್ಯಾಲಯ ಕೇಂದ್ರವೂ ಹಿಂದೂ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿತು. 2020ರ ಶಿಕ್ಷಣ ನೀತಿ ವಿಷಯವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಪದವಿಯನ್ನು 2030ರೊಳಗೆ ಕನಿಷ್ಠ ಅರ್ಹತೆಯಾಗಿಸಬೇಕೆನ್ನುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1960ರ ದಶಕದಲ್ಲೇ ಇಂಥ ಕೋರ್ಸ್ ನಡೆಸಿದ್ದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಸುದ್ದಿಯಲ್ಲ.

ಮೊದಲ ಎರಡು ಬಾಗಿಲು ಹೀಗೆ ಒಂದಾದರೂ ಮೂರನೆಯದು ಹಾಗೇ ಉಳಿಯುತ್ತದೆ. ಕೆಲಸ ಕೊಡುವುದು ಪರೀಕ್ಷೆಯಾದ್ದರಿಂದ ಅದು ಕೇಳಿದ್ದನ್ನೇ ಅಭ್ಯರ್ಥಿ ಓದುತ್ತಾನೆ. ಇಪ್ಪತ್ತು ವಾರ ಶಾಲೆಯಲ್ಲಿ ಕಲಿತದ್ದಕ್ಕೆ ಅಲ್ಲಿ ಅಂಕವಿಲ್ಲ. 2023ರ ಕಾಯ್ದೆಯಡಿ ಉತ್ತರ ಪ್ರದೇಶ ಆಯ್ಕೆಯ ಹೊಣೆಯನ್ನು ಹೊಸ ಆಯೋಗಕ್ಕೆ ಒಪ್ಪಿಸಿದೆ. ಆ ಆಯೋಗ ನೇಮಕಾತಿಯಲ್ಲಿ ಹತ್ತು ನಿಮಿಷದ ಪಾಠವೊಂದನ್ನು, ಒಂದಿಷ್ಟು ಮಾತುಕತೆಯನ್ನು ಎಲ್ಲರಿಗೂ ಒಂದೇ ಅಳತೆಗೋಲಿನಲ್ಲಿ ಸೇರಿಸಿದರೆ ಸಾಕು, ಬಿ.ಎಡ್. ತರಗತಿಗಳ ಗಂಭೀರತೆ ತಾನಾಗಿ ಬದಲಾಗುತ್ತದೆ. ಪಠ್ಯಕ್ರಮ ತಿದ್ದುವ ಕೆಲಸ ಒಂದು ಶತಮಾನದಿಂದ ನಡೆದಿದೆ. ಈಗ ತಿದ್ದಬೇಕಾದದ್ದು ಪ್ರಶ್ನೆಪತ್ರಿಕೆ.